ನಾರ್ಮಲ್ ರಿಪೋರ್ಟಿನ ಮೇಲೆ ನನ್ನ ಗುಮಾನಿ

ಹಳೇ ಕಾರನ್ನು ಮಾರಿಬಿಡುವುದು ಅಂತ ತೀರ್ಮಾನವಾದ ಮೇಲೆ, ಕೊಳ್ಳುವವರು ಬಂದು ನೋಡುವ ಮುಂಚೆ ಒಂದು ಸಲ ಗುಡಿಸಿ ಒರೆಸೋಣ ಅಂತ ಮುಂದಿನ ಸೀಟಿನ ಎದುರಿಗಿರುವ ಖಾನೆ ತೆಗೆದೆ. ಹಳೇ ಪಾರ್ಕಿಂಗ್ ಚೀಟಿ, ಕಾಲು ಮುರಿದ ಕನ್ನಡಕ, ಟೊಮೇಟೊ ಸಾಸಿನ ಪೊಟ್ಟಣ, ಇವುಗಳ ಅಡಿಯಲ್ಲಿ ಒಂದು ನಿಂಬೆಹಣ್ಣು. ಹಣ್ಣು ಅನ್ನುವುದು ಮರ್ಯಾದೆಯ ಮಾತು. ಒಣಗಿ ಕಪ್ಪಗಾಗಿ, ಅಲ್ಲಾಡಿಸಿದರೆ ಒಳಗೆ ಬೀಜ ಗಲಗಲ ಅನ್ನುತ್ತಿತ್ತು. ನನ್ನ ಗಂಡ ಶ್ರೀಧರ ಅದನ್ನು ಎರಡೇ ಬೆರಳಲ್ಲಿ ಎತ್ತಿ ಹಿಡಿದು, "ಇದೇನೇ ಇದು, ಯಾರಾದ್ರೂ ನಮಗೆ ಮಾಟ ಮಾಡ್ಸಿದಾರಾ?" ಅಂದ. ಮಾಟವೂ ಅಲ್ಲ ಮಂತ್ರವೂ ಅಲ್ಲ, ಅದು ಅಮ್ಮ ಮೈಸೂರಿನಿಂದ ಬಂದಿದ್ದಾಗ ಕಾರಲ್ಲಿ ಬಿಟ್ಟುಹೋದದ್ದು. ಆಮೇಲೆ ನಾನು ಗುಡಿಸುವುದನ್ನು ಬಿಟ್ಟು ಅದೇ ಸೀಟಿನ ಮೇಲೆ ಕೂತುಬಿಟ್ಟೆ. ಮನೆಯೊಳಗೆ ಕಾಫಿ ಆರಿಹೋಯಿತು.

ಮೊದಲೇ ಹೇಳಿಬಿಡುತ್ತೇನೆ, ನಾನು ಗುಮಾನಿಯ ಹೆಂಗಸು. ಹಾಲಿನ ಡಬ್ಬದ ಮೇಲೆ ಇನ್ನೂ ಒಂದು ವಾರದ ತಾರೀಖು ಇದ್ದರೂ ಮೂಸಿ ನೋಡದೆ ಕಾಯಿಸುವವಳಲ್ಲ. ಸ್ಕೂಲಲ್ಲಿ ಮೇಷ್ಟ್ರು ಹೊಗಳಿದರೆ, ಇವರಿಗೆ ಆಫೀಸ್ ರೂಮಿನಿಂದ ಸೀಮೆಸುಣ್ಣ ತರಿಸಬೇಕಾಗಿದೆ ಅಂದುಕೊಳ್ಳುತ್ತಿದ್ದೆ. ಬಹಳ ಸಲ ಅದು ನಿಜವೂ ಆಗುತ್ತಿತ್ತು. ಈ ಸಿಯಾಟಲ್ ಕಡೆಗೆ ಬಂದ ಹೊಸತರಲ್ಲಿ ಗುರುತು ಪರಿಚಯ ಇಲ್ಲದ ಜನ ದಾರಿಯಲ್ಲಿ ನಕ್ಕು "ಹೌ ಆರ್ ಯೂ" ಅಂದಾಗಲೆಲ್ಲ ಪರ್ಸನ್ನು ಕಂಕುಳಿಗೆ ಅವುಚಿಕೊಂಡು ನಡೆದಿದ್ದೇನೆ. ಮೈಸೂರಲ್ಲಿ ಗುರುತಿಲ್ಲದವರು ನಕ್ಕರೆ ಒಂದೋ ಗಣಪತಿ ಚಂದಾ ಕೇಳಲು ಬಂದಿರುತ್ತಾರೆ, ಇಲ್ಲ ವಿಮೆ ಏಜೆಂಟರಾಗಿರುತ್ತಾರೆ.

ಇಂಥವಳಿಗೆ ಅಮ್ಮನ ನಿಂಬೆಹಣ್ಣಿನ ಮೇಲೆ ಮಾತ್ರ ಯಾಕೆ ಗುಮಾನಿ ಬರಲಿಲ್ಲವೋ. ನಾವು ಬೆಂಗಳೂರಿಗೆ ಬಸ್ಸು ಹತ್ತಿದರೆ ಅಮ್ಮನಿಗೆ ಬಾಗಿಲ ಪಕ್ಕದ ಸೀಟೇ ಆಗಬೇಕು. ಅದಕ್ಕಾಗಿ ಕಂಡಕ್ಟರ್ ಹತ್ತಿರ ಜಗಳಕ್ಕೂ ನಿಲ್ಲುತ್ತಿದ್ದಳು. ಸೀಟು ಸಿಕ್ಕ ಮೇಲೆ ಸೆರಗಿನ ತುದಿಯ ಗಂಟಿನಿಂದ ನಿಂಬೆಹಣ್ಣು ತೆಗೆದು, ಉಗುರಲ್ಲಿ ಗೀರಿ, ಮೂಗಿಗೆ ಹಿಡಿದುಕೊಂಡು ಕೂತರೆ ಮದ್ದೂರು ಬಂದರೂ ಮಾತಿಲ್ಲ ಕತೆಯಿಲ್ಲ. ನಾನು ವಡೆ ಬೇಕು ಅಂತ ರಂಪ ಮಾಡಿದರೆ ಎಡಗೈಯಲ್ಲೇ ಪರ್ಸು ಬಿಚ್ಚುತ್ತಿದ್ದಳೇ ಹೊರತು ಬಲಗೈ ಮೂಗಿನಿಂದ ಕೆಳಗಿಳಿಯುತ್ತಿರಲಿಲ್ಲ. ಬಸ್ಸಿನ ಅರ್ಧ ಹೆಂಗಸರು ವಾಂತಿಗೆ ಅಂತ ನಿಂಬೆಹಣ್ಣು ಹಿಡಿದುಕೊಂಡಿರುತ್ತಿದ್ದ ಕಾಲ ಅದು. ಅಮ್ಮನದೂ ಅದೇ ಅಂದುಕೊಂಡಿದ್ದೆ. ಆದರೆ ಈಗ ಯೋಚನೆ ಮಾಡಿದರೆ, ಅಮ್ಮ ಒಂದು ಸಲವೂ ಬಸ್ಸಲ್ಲಿ ವಾಂತಿ ಮಾಡಿಕೊಂಡವಳಲ್ಲ.

ಇರಲಿ, ನನ್ನ ವಿಷಯಕ್ಕೆ ಬರುತ್ತೇನೆ. ಶ್ರೀಧರನ ಆಫೀಸು ಓವರ್‌ಲೇಕಿನಲ್ಲಿ, ಮನೆಯಿಂದ ನಡೆದೇ ಹೋಗಬಹುದು. ನಾನು ಎಂ.ಕಾಂ. ಮಾಡಿದ್ದರೂ ಡಿಪೆಂಡೆಂಟ್ ವೀಸಾ ಅಂತ ವರ್ಷಗಟ್ಟಲೆ ಮನೆಯಲ್ಲಿ ಕೂತು, ಎದುರು ಮನೆಯವರ ನಾಯಿ ಎಷ್ಟು ಹೊತ್ತಿಗೆ ಬೊಗಳುತ್ತದೆ ಅನ್ನುವುದರಲ್ಲಿ ಪರಿಣತಿ ಪಡೆದಿದ್ದೆ. ಕೊನೆಗೊಂದು ದಿನ ನಮ್ಮಂಥ ಹೆಂಡತಿಯರೂ ಕೆಲಸ ಮಾಡಬಹುದು ಅಂತ ಕಾನೂನು ಬಂತು. ಟಕ್ವಿಲಾದಲ್ಲಿ ಕಾರ್ಪೆಟ್ ಗೋಡೌನ್ ಒಂದರ ಆಫೀಸಲ್ಲಿ ಅಕೌಂಟ್ಸ್ ಕೆಲಸ ಸಿಕ್ಕಿತು. ಮೊದಲ ದಿನ ಕುತ್ತಿಗೆಗೆ ಹಾಕಿಕೊಂಡ ಬ್ಯಾಡ್ಜನ್ನು ಮನೆಗೆ ಬಂದ ಮೇಲೂ ತೆಗೆಯದೆ ಸಾರಿಗೆ ಒಗ್ಗರಣೆ ಹಾಕಿದೆ. ಆ ಕೆಲಸ ಅಂದರೆ ನನಗೆ ಅಷ್ಟು ಪ್ರಾಣ.

ಟಕ್ವಿಲಾಗೆ ಹೋಗಬೇಕಾದರೆ ಫೋರ್ ಓ ಫೈವ್ ಹೈವೇ ಹಿಡಿಯಬೇಕು. ರೆಂಟನ್ ಹತ್ತಿರ ಅದು ಆ ಕಡೆ ಈ ಕಡೆ ಹೊರಳುತ್ತದೆ. ಸೇರಿದ ಎರಡನೇ ತಿಂಗಳಲ್ಲಿ, ಸುಮ್ಮನೆ ಒಂದು ಮಂಗಳವಾರ ಬೆಳಿಗ್ಗೆ, ಆ ತಿರುವಿನಲ್ಲಿ ಎಡಗಡೆ ಒಂದು ಲಾರಿ, ಬಲಗಡೆ ಗೋಡೆ, ನಡುವೆ ನಾನು. ಇದ್ದಕ್ಕಿದ್ದ ಹಾಗೆ ಎದೆ ಡಬಡಬ ಹೊಡೆದುಕೊಳ್ಳಲು ಶುರುವಾಯಿತು. ಗಂಟಲು ಬಿಗಿಯಿತು. ಅಂಗೈ ಬೆವೆತು ಸ್ಟಿಯರಿಂಗ್ ಜಾರಿತು. ಬೆರಳ ತುದಿಗಳು ಜುಂ ಅಂದವು. ಮುಗೀತು ನನ್ನ ಕತೆ, ಫ್ರಿಜ್ಜಲ್ಲಿ ದೋಸೆಹಿಟ್ಟು ಹುಳಿಯಾಗತ್ತೆ ಅಂತ ಅನ್ನಿಸಿದ್ದು ನೆನಪಿದೆ. ಸಾಯುವಾಗಲೂ ನನಗೆ ಹಿಟ್ಟಿನ ಚಿಂತೆ.

ಹೇಗೋ ಹೈವೇಯಿಂದ ಇಳಿದು ಶ್ರೀಧರನಿಗೆ ಕಾಲ್ ಮಾಡಿದೆ. ಎಮರ್ಜೆನ್ಸಿಗೆ ಕರೆದುಕೊಂಡು ಹೋದ. ಮೈಗೆಲ್ಲ ವೈರು ಅಂಟಿಸಿದರು, ರಕ್ತ ತೆಗೆದರು. ಕೊನೆಗೆ ಡಾಕ್ಟರು ನಗುನಗುತ್ತಾ ಬಂದು ಎಲ್ಲ ನಾರ್ಮಲ್ ಅಂದರು.

ಎಲ್ಲ ನಾರ್ಮಲ್ ಅಂದರೆ ಏನರ್ಥ ನೀವೇ ಹೇಳಿ. ಅಷ್ಟು ಹೊಡೆದುಕೊಂಡ ಎದೆ ನಾರ್ಮಲ್ ಆಗಿರಲು ಹೇಗೆ ಸಾಧ್ಯ? ಒಂದೋ ಮಿಷಿನ್ ಕೆಟ್ಟಿದೆ, ಇಲ್ಲ ಡಾಕ್ಟರು ನಿಜ ಸಂಗತಿಯನ್ನು ಶ್ರೀಧರನ ಕಿವಿಯಲ್ಲಿ ಊದಿ ನನ್ನ ಮುಂದೆ ನಾಟಕ ಆಡುತ್ತಿದ್ದಾರೆ. ವಾಪಸ್ಸು ಬರುವಾಗ ಶ್ರೀಧರ ಕಾರು ನಿಲ್ಲಿಸಿ ತಾನಾಗಿಯೇ ನನಗೆ ಐಸ್‌ಕ್ರೀಂ ಕೊಡಿಸಿದ. ಅಲ್ಲಿಗೆ ನನ್ನ ಗುಮಾನಿ ಖಾತ್ರಿಯಾಯಿತು. ಸಾಯಲು ಹೊರಟವರಿಗಲ್ಲದೆ ಅವನು ಕೇಳದೆ ಐಸ್‌ಕ್ರೀಂ ಕೊಡಿಸುವ ಪೈಕಿಯಲ್ಲ.

ಕೆಳಗಿನ ಮನೆಯ ನಸೀಮಾ ನಮ್ಮ ಮೈಸೂರಿನ ಮಂಡಿ ಮೊಹಲ್ಲಾದವಳು. ಅವಳಿಗೆ ಮಾತ್ರ ಹೇಳಿದೆ. "ಇದು ವಿಟಮಿನ್ ಡಿ ಕಣ್ರೀ. ಈ ಊರಲ್ಲಿ ಸೂರ್ಯ ಎಲ್ಲಿದಾನೆ? ನಮ್ಮ ಮನೇಲಿ ಎಲ್ಲರೂ ತಗೊಳ್ತೀವಿ" ಅಂದಳು. ಯಾರದೋ ಸ್ನೇಹಿತರಿಗೆ ಅಂತ ಸುಳ್ಳು ಹೇಳಿ, ಮನೆಗೊಂದು ಅಡುಗೆ ತಂದು ಸೇರುವ ಪಾಟ್‌ಲಕ್ಕಿನಲ್ಲಿ ವಿಚಾರಿಸಿದೆ. ಪುಳಿಯೋಗರೆ ಬಡಿಸುತ್ತಿದ್ದವರು ಗ್ಯಾಸ್ ಅಂದರು. ಮೊಸರನ್ನದವರು ಥೈರಾಯ್ಡ್ ಅಂದರು. ಮಾಂಸ ತಿನ್ನದವರಿಗೆಲ್ಲ ಬಿ ಟ್ವೆಲ್ವ್ ಕಮ್ಮಿ ಅಂತ ಹಪ್ಪಳದವರು ಅಂದರು. ನಾನು ಎಲ್ಲವನ್ನೂ ತೆಗೆದುಕೊಂಡೆ. ಓಂಕಾಳಿನ ನೀರು, ಜೀರಿಗೆ ಕಷಾಯ, ಮಾತ್ರೆಗಳು. ಎದೆ ತನ್ನ ಪಾಡಿಗೆ ತಾನು ರೆಂಟನ್ ತಿರುವು ಬಂದಾಗ ಡಬಡಬ ಅನ್ನುತ್ತಲೇ ಇತ್ತು.

ನಮ್ಮ ಖಾಯಂ ಡಾಕ್ಟರು ಒಬ್ಬ ಹೆಂಗಸು, ವಯಸ್ಸಾದವರು. ಅವರು ಎಲ್ಲ ಕೇಳಿಸಿಕೊಂಡು ಇದು ಆಂಗ್ಸೈಟಿ ಅಂದಾಗ ನನಗೆ ಬಯ್ದ ಹಾಗಾಯಿತು. ನನಗೇನು ಆಂಗ್ಸೈಟಿ? ಗಂಡ ಕುಡಿಯಲ್ಲ, ಅತ್ತೆ ಹತ್ತಿರ ಇಲ್ಲ, ಕೆಲಸ ಸಿಕ್ಕಿದೆ. ಅವರು ಸಮಾಧಾನವಾಗಿ ವಿವರಿಸಿದರು. ಕಳ್ಳ ಬರದೇ ಇದ್ದರೂ ಮನೆಯ ಅಲಾರಂ ಹೊಡೆದುಕೊಳ್ಳುವುದಿಲ್ಲವೇ, ಹಾಗೆ. ಹೊಡೆದುಕೊಳ್ಳುವುದು ನಿಜ, ನಿನ್ನ ಕಲ್ಪನೆಯಲ್ಲ, ಆದರೆ ಕಳ್ಳ ಇಲ್ಲ. ಪಾದಗಳನ್ನು ನೆಲಕ್ಕೆ ಒತ್ತು, ಉಸಿರನ್ನು ಒಳಗೆಳೆದುಕೊಂಡದ್ದಕ್ಕಿಂತ ನಿಧಾನವಾಗಿ ಹೊರಗೆ ಬಿಡು, ಕಣ್ಣಿಗೆ ಕಂಡ ವಸ್ತುಗಳ ಹೆಸರು ಹೇಳಿಕೋ ಅಂದರು. ಜೊತೆಗೆ ಮಾತಾಡಲು ಒಬ್ಬ ಥೆರಪಿಸ್ಟಿನ ಹೆಸರನ್ನೂ ಕೊಟ್ಟರು. ಇಷ್ಟಕ್ಕೆ ಅಷ್ಟೊಂದು ಓದಬೇಕಿತ್ತಾ ಅನ್ನಿಸಿತು ನನಗೆ. ಆದರೂ ಆಫೀಸಲ್ಲಿ ಒಂದು ದಿನ ಪ್ರಯತ್ನ ಮಾಡಿದೆ. ಗಡಿಯಾರ, ಸ್ಟೇಪ್ಲರ್, ನೀರಿನ ಬಾಟಲಿ, ಬೋಳುತಲೆ ಅಂತ ಮೆಲ್ಲಗೆ ಹೇಳಿಕೊಳ್ಳುತ್ತಿದ್ದಾಗ ಕೊನೆಯ ವಸ್ತು, ಅಂದರೆ ನಮ್ಮ ಮ್ಯಾನೇಜರು, ತಿರುಗಿ ನೋಡಿದರು. ಅವರಿಗೆ ಕನ್ನಡ ಬರದಿದ್ದದ್ದು ನನ್ನ ಪುಣ್ಯ.

ಥೆರಪಿಸ್ಟ್ ಹತ್ತಿರ ಹೋಗಲಿಲ್ಲ. ಹೋದರೆ ಇನ್ಶೂರೆನ್ಸಿನ ಕಾಗದ ಮನೆಗೆ ಬರುತ್ತದೆ, ಶ್ರೀಧರ ಓದುತ್ತಾನೆ. ಅವನ ಪಾಲಿಗೆ ಆ ಮಂಗಳವಾರದ್ದು ಒಂದೇ ಸಲ ಆಗಿ ಮುಗಿದುಹೋದ ಸಂಗತಿ. ದಿನಾ ಹೀಗಾಗುತ್ತದೆ ಅಂದರೆ ಕೆಲಸ ಬಿಡು ಅಂತಾನೆ ಅನ್ನುವ ಹೆದರಿಕೆ ನನಗೆ. ಹಾಗಾಗಿ ನಾನು ಹೈವೇ ಬಿಟ್ಟು ಗಲ್ಲಿ ರಸ್ತೆಗಳನ್ನು ಹಿಡಿದೆ. ಸಿಗ್ನಲ್ ಮೇಲೆ ಸಿಗ್ನಲ್, ಅರ್ಧ ಗಂಟೆಯ ದಾರಿಗೆ ಅದರ ಮೂರರಷ್ಟು ಹೊತ್ತು. ಆಫೀಸಿಗೆ ಲೇಟಾಗುವುದು ಶುರುವಾಯಿತು. ಮ್ಯಾನೇಜರು ಒಂದು ಸಲ ನಯವಾಗಿ ಹೇಳಿದರು, ಇನ್ನೊಂದು ಸಲ ಅಷ್ಟು ನಯವಿಲ್ಲದೆ ಹೇಳಿದರು.

ಅಷ್ಟರಲ್ಲಿ ಅಮ್ಮ ಆರು ತಿಂಗಳಿಗೆ ಅಂತ ಬಂದಳು. ಅಪ್ಪನಿಗೆ ಮಂಡಿನೋವು, ಅಷ್ಟು ದೂರ ಕೂತು ಬರಲಾರೆ ಅಂದರು. ಒಬ್ಬಳೇ ವಿಮಾನ ಹತ್ತಲು ಅಮ್ಮ ಒಪ್ಪಿದ್ದೇ ದೊಡ್ಡ ಆಶ್ಚರ್ಯ.

ಬಂದ ವಾರದಲ್ಲೇ ಒಂದು ಸಂಜೆ ಶ್ರೀಧರ, "ಇವತ್ತು ಫೋರ್ ಓ ಫೈವ್ ಹೇಗಿತ್ತು?" ಅಂತ ಕೇಳಿದ. "ಸ್ವಲ್ಪ ಸ್ಲೋ ಇತ್ತಪ್ಪ" ಅಂದೆ. "ಹೌದಾ? ಲಾರಿ ಮಗುಚಿ ಇಡೀ ರೋಡೇ ಬಂದ್ ಆಗಿತ್ತಂತೆ" ಅಂದು ನನ್ನ ಮುಖವನ್ನೇ ನೋಡಿದ. ನಾನು ಹುಳಿಗೆ ಉಪ್ಪು ಹಾಕಿದ್ದೀನಾ ಅಂತ ನೋಡಲು ಅಡುಗೆಮನೆಗೆ ಓಡಿದೆ. ಹಿಂದೆಯೇ ಅಮ್ಮ ಬಂದಳು. ನಾನು ಒಲೆಯ ಮುಂದೆ ನಿಂತು ಮಣಿಕಟ್ಟು ಹಿಡಿದು ನಾಡಿ ನೋಡಿಕೊಳ್ಳುತ್ತಿದ್ದೆ. ಅದು ಆಗಲೇ ಅಭ್ಯಾಸವಾಗಿಬಿಟ್ಟಿತ್ತು.

"ಬೆರಳ ತುದಿ ಜುಂ ಅನ್ನತ್ತಾ?" ಅಂದಳು ಅಮ್ಮ.

ನಾನು ತಿರುಗಿ ನೋಡಿದೆ. "ನಿನಗ್ಯಾರು ಹೇಳಿದ್ದು?"

"ಸುಮ್ನೆ ಕೇಳ್ದೆ. ಗಂಟಲಲ್ಲಿ ಏನೋ ಸಿಕ್ಕೊಂಡ ಹಾಗೂ ಆಗತ್ತಾ?"

"ಅಮ್ಮ, ಹೇಗೆ ಗೊತ್ತು ನಿಂಗೆ?"

"ಹುಳಿ ಉಕ್ತಾ ಇದೆ ನೋಡು" ಅಂತ ಹೇಳಿ ಹೊರಟೇಹೋದಳು.

ಈಗ ನನ್ನ ಗುಮಾನಿ ಡಾಕ್ಟರನ್ನೂ ಮಿಷಿನ್ನನ್ನೂ ಬಿಟ್ಟು ಅಮ್ಮನ ಮೇಲೆ ಬಂತು. ಇವಳಿಗೇನೋ ಗೊತ್ತಿದೆ. ನಮ್ಮ ವಂಶದಲ್ಲಿ ಏನೋ ಹೃದಯದ ಕಾಯಿಲೆ ಇದೆ, ನನ್ನ ಮದುವೆಗೆ ಅಡ್ಡಿಯಾಗುತ್ತದೆ ಅಂತ ಮುಚ್ಚಿಟ್ಟಿದ್ದಾರೆ. ನಮ್ಮ ಕಡೆ ಹೆಣ್ಣು ತೋರಿಸುವಾಗ ಏನೇನು ಮುಚ್ಚುತ್ತಾರೆ ಅನ್ನುವುದು ನಿಮಗೆ ಗೊತ್ತೇ ಇದೆ. ಕನ್ನಡಕ ಮುಚ್ಚುತ್ತಾರೆ, ಉಬ್ಬಸ ಮುಚ್ಚುತ್ತಾರೆ, ಆಸ್ಪತ್ರೆ ಸೇರಿದ್ದ ಸೋದರಮಾವನನ್ನೇ ಮುಚ್ಚಿಬಿಡುತ್ತಾರೆ. ಅಜ್ಜಿ ಹೇಗೆ ಹೋದಳು, ಅವಳ ಅಮ್ಮ ಹೇಗೆ ಹೋದಳು ಅಂತ ನಾನು ಪೊಲೀಸರ ಥರ ವಿಚಾರಣೆ ಮಾಡಿದೆ. ಅಮ್ಮ ಬಟಾಣಿ ಬಿಡಿಸುತ್ತಾ, "ವಯಸ್ಸಾಗಿ ಹೋದ್ರು, ಇನ್ನು ಹೇಗೆ ಹೋಗ್ತಾರೆ" ಅಂದಳು.

ಆ ಭಾನುವಾರ ಶ್ರೀಧರ ಕ್ರಿಕೆಟ್ ಆಡಲು ಹೋಗಿದ್ದ. ಅಮ್ಮ ಸೀರೆಯ ಮೇಲೆ ಸ್ವೆಟರ್ ಹಾಕಿಕೊಂಡು ಬಂದು, "ನಡಿ, ನಿನ್ನ ಆಫೀಸು ತೋರ್ಸು" ಅಂದಳು. ಫ್ರಿಜ್ಜಿನಿಂದ ನಿಂಬೆಹಣ್ಣು ತೆಗೆದು ಸೆರಗಿಗೆ ಗಂಟು ಹಾಕಿಕೊಂಡಿದ್ದಳು. ಕಾರು ಸ್ಟಾರ್ಟ್ ಮಾಡಿದ ಮೇಲೆ ಹೇಳಿದಳು: "ದಿನಾ ಹೋಗೋ ರೋಡಲ್ಲಿ ಬೇಡ. ನೀನು ಹೋಗದೇ ಇರೋ ರೋಡಿದೆಯಲ್ಲ, ಅದ್ರಲ್ಲಿ ಹೋಗು."

ರೆಂಟನ್ ತಿರುವು ಹತ್ತಿರ ಬಂದಾಗ ಎದೆಯ ಡಬಡಬವೂ ತಪ್ಪದೆ ಬಂತು. ನಾನು ಬಲಗಡೆಯ ಲೇನಿಗೆ ಬಂದು ನಿಧಾನ ಮಾಡಿದೆ. ಪಕ್ಕದಲ್ಲಿ ನೋಡಿದರೆ ಅಮ್ಮನ ಮುಖ ನನಗಿಂತ ಬಿಳಿಚಿತ್ತು. ಹಣ್ಣನ್ನು ಮೂಗಿಗೆ ಒತ್ತಿಕೊಂಡಿದ್ದಳು.

"ಬಂತಾ?" ಅಂದಳು.

"ಬಂತು."

"ನನಗೂ ಬಂತು. ಬರ್ಲಿ ಬಿಡು. ಬರ್ಬೇಡ ಬರ್ಬೇಡ ಅಂದ್ರೆ ಬೇಡದ ನೆಂಟರ ಥರ ಇನ್ನೆರಡು ದಿನ ಜಾಸ್ತಿ ಇರತ್ತೆ. ಬಂದ್ಯಾ, ಕೂತ್ಕೋ ಅನ್ನು. ಅದೇ ಬೇಜಾರಾಗಿ ಎದ್ದು ಹೋಗತ್ತೆ. ಉಸಿರು ಎಳ್ಕೋಬೇಡ, ಬಿಡು. ಇನ್ನೂ ಬಿಡು. ನೀನು ಹುಟ್ಟೋಕ್ ಮುಂಚಿಂದ ಬರ್ತಿದೆ ನನಗೆ, ಸತ್ತಿದೀನಾ?"

ತಿರುವು ಮುಗಿಯಿತು. ಎದೆ ಇನ್ನೂ ಹೊಡೆದುಕೊಳ್ಳುತ್ತಲೇ ಇತ್ತು, ಆದರೆ ನಾನು ಕಾರು ಓಡಿಸುತ್ತಲೂ ಇದ್ದೆ. ಎರಡೂ ಒಟ್ಟಿಗೆ ನಡೆಯಬಹುದು ಅನ್ನುವುದು ನನಗೆ ಅವತ್ತಿನವರೆಗೆ ಗೊತ್ತಿರಲಿಲ್ಲ. ಟಕ್ವಿಲಾ ಮಾಲಿನ ಪಾರ್ಕಿಂಗಿನಲ್ಲಿ ನಿಲ್ಲಿಸಿದಾಗ ಅಮ್ಮ ನಿಂಬೆಹಣ್ಣನ್ನು ಎದುರಿನ ಖಾನೆಯೊಳಗಿಟ್ಟು ಕೈ ಒರೆಸಿಕೊಂಡಳು. ನಾವಿಬ್ಬರೂ ಸ್ವಲ್ಪ ಹೊತ್ತು ಶಾಪಿಂಗಿಗೆ ಬಂದ ಜನರನ್ನು ನೋಡುತ್ತಾ ಕೂತೆವು.

ಅಲ್ಲೇ ಅವಳು ಹೇಳಿದ್ದು. ಸಿನಿಮಾ ಟಾಕೀಸಿಗೆ ಯಾಕೆ ಬರುತ್ತಿರಲಿಲ್ಲ, ಕಾಶಿಯಾತ್ರೆಯ ರೈಲು ಟಿಕೆಟ್ ಬಂದ ಮೇಲೆ ಯಾಕೆ ಜ್ವರ ಅಂದಳು, ದೇವಸ್ಥಾನದಲ್ಲಿ ಯಾಕೆ ಯಾವಾಗಲೂ ಚಪ್ಪಲಿ ಕಾಯುತ್ತೇನೆ ಅಂತ ಹೊರಗೆ ನಿಲ್ಲುತ್ತಿದ್ದಳು ಎಲ್ಲ. ಅಪ್ಪನಿಗೂ ಹೇಳಿಲ್ಲವಂತೆ. ಆಮೇಲೆ ಪದ್ದು ಚಿಕ್ಕಮ್ಮನ ಮದುವೆಯ ವಿಷಯಕ್ಕೆ ಬಂದಳು.

ಪದ್ದು ಚಿಕ್ಕಮ್ಮ ಅಮ್ಮನ ಒಬ್ಬಳೇ ತಂಗಿ, ತುಮಕೂರಿನಲ್ಲಿದ್ದಾಳೆ. ಅವಳ ಮದುವೆ ನನಗೆ ಚೆನ್ನಾಗಿ ನೆನಪಿದೆ, ಯಾಕೆಂದರೆ ಅವತ್ತು ನನಗೆ ಹೋಳಿಗೆ ತಪ್ಪಿತು. ಧಾರೆ ಮುಗಿದು ಅಕ್ಷತೆ ಹಾಕಲು ಜನ ಮುಗಿಬಿದ್ದಾಗ ಅಮ್ಮ ನನ್ನ ಕೈ ಹಿಡಿದು ಛತ್ರದಿಂದ ಆಚೆಗೆ ನಡೆದುಬಿಟ್ಟಳು. ಮನೆಗೆ ಬಂದು ಉಪ್ಪಿಟ್ಟು ಕೆದಕಿ ಕೊಟ್ಟಳು. ರೇಷ್ಮೆ ಲಂಗದಲ್ಲಿ ಕೂತು ಉಪ್ಪಿಟ್ಟು ತಿಂದ ಸಿಟ್ಟು ನನಗಿನ್ನೂ ಇದೆ. ಸ್ವಂತ ತಂಗಿಯ ಮದುವೆಯಲ್ಲಿ ಊಟ ಮಾಡದೆ ಎದ್ದುಹೋದವಳನ್ನು ಜನ ಬಿಡುತ್ತಾರೆಯೇ? ತಂಗಿಗೆ ಎಂಜಿನಿಯರ್ ಗಂಡ ಸಿಕ್ಕಿದ್ದು ಅಕ್ಕನಿಗೆ ಸಹಿಸಲಿಲ್ಲ ಅಂದರು. ಚಿಕ್ಕಮ್ಮನೂ ಅದನ್ನೇ ನಂಬಿದಳು. ಸಾವು ನೋವಿಗೆ ಮುಖ ನೋಡಿಕೊಂಡದ್ದು ಬಿಟ್ಟರೆ ಅಕ್ಕತಂಗಿಯರ ನಡುವೆ ಮಾತಿಲ್ಲ.

"ಎದೆ ಒಡೆದುಹೋಗತ್ತೆ ಅನ್ನಿಸ್ತು ಕಣೆ. ಅಷ್ಟು ಜನದ ಮಧ್ಯೆ ಬಿದ್ದರೆ ಅವಳ ಮದುವೇಲಿ ಅಪಶಕುನ ಆಗತ್ತಲ್ಲ ಅಂತ ಎದ್ದುಬಂದೆ."

"ಹೇಳ್ಬಹುದಿತ್ತಲ್ಲಮ್ಮ ಅವಳಿಗೆ."

"ಏನಂತ ಹೇಳೋದು? ನರದ ಕಾಯಿಲೆ ಅಂತ ಹಣೆಪಟ್ಟಿ ಕಟ್ತಿದ್ರು. ಆಮೇಲೆ ನಿನ್ನನ್ನ ಯಾರು ಮಾಡ್ಕೊಳ್ತಿದ್ರು? ಹೊಟ್ಟೆಕಿಚ್ಚು ಅಂತಾನೇ ಅಂದ್ಕೊಳ್ಲಿ ಅಂತ ಸುಮ್ನಾದೆ. ನೀನೂ ಅಷ್ಟೇ, ಶ್ರೀಧರ ಅವ್ರಿಗೆ ಹೇಳ್ಬೇಡ."

ನನಗೆ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಹೆದರಿಕೆ ಬಂತು. ಯಾಕೆಂದರೆ ಹಿಂದಿನ ತಿಂಗಳಷ್ಟೇ ಸ್ನೊಕ್ವಾಲ್ಮಿಯಲ್ಲಿ ಗೆಳತಿಯೊಬ್ಬಳ ಹೊಸಮನೆಯ ಗೃಹಪ್ರವೇಶಕ್ಕೆ, ದಾರಿಯಲ್ಲಿ ಹೈವೇ ಇದೆ ಅಂತ, ತಲೆನೋವಿನ ಸುಳ್ಳು ಹೇಳಿ ತಪ್ಪಿಸಿಕೊಂಡಿದ್ದೆ. ಅವಳು ಆವತ್ತಿನಿಂದ ಫೋನು ಮಾಡಿರಲಿಲ್ಲ. ದೊಡ್ಡ ಮನೆ ಕಟ್ಟಿದ್ದಕ್ಕೆ ನನಗೆ ಹೊಟ್ಟೆಕಿಚ್ಚು ಅಂದುಕೊಂಡಿರಬೇಕು. ಅಮ್ಮ ಹೋದ ದಾರಿಯಲ್ಲೇ ನಾನೂ ಹೊರಟಿದ್ದೆ. ಹೀಗೇ ಬಿಟ್ಟರೆ ಟಕ್ವಿಲಾ ಕೆಲಸ ಹೋಗುವುದು ಮೊದಲನೆಯದು ಅಷ್ಟೇ.

ಸಂಜೆ ಶ್ರೀಧರ ಬಂದು ಕಾಫಿಗೆ ಕೂತಾಗ ಎಲ್ಲ ಹೇಳಿಬಿಟ್ಟೆ. ಗಲ್ಲಿ ರಸ್ತೆ, ನಾಡಿ, ಥೆರಪಿಸ್ಟ್, ಐಸ್‌ಕ್ರೀಮಿನ ಗುಮಾನಿ ಕೂಡ. ಅಡುಗೆಮನೆಯಲ್ಲಿ ಅಮ್ಮ ಪಾತ್ರೆಗಳನ್ನು ಬೇಕಂತಲೇ ಸದ್ದು ಮಾಡುತ್ತಾ ತೊಳೆಯುತ್ತಿದ್ದಳು. ಶ್ರೀಧರ ಲೋಟ ಕೆಳಗಿಟ್ಟು, "ಇಷ್ಟೇನಾ?" ಅಂದ.

"ಇಷ್ಟೇನಾ ಅಂದ್ರೆ?"

"ನಿನ್ನ ಕೆಲಸ ಯಾವಾಗ್ಲೋ ಹೋಗಿದೆ, ಹೇಳಕ್ಕಾಗದೆ ಬೆಳಿಗ್ಗೆಯಿಂದ ಸಂಜೆವರೆಗೂ ಯಾವುದೋ ಲೈಬ್ರರೀಲಿ ಕೂತಿದ್ದು ಬರ್ತಿದೀಯ ಅಂದ್ಕೊಂಡಿದ್ದೆ. ಹೇಗೆ ಕೇಳೋದು ಅಂತ ನಂಗೆ ನಿದ್ದೆ ಇಲ್ಲ." ಆಮೇಲೆ ಸ್ವಲ್ಪ ಯೋಚನೆ ಮಾಡಿ, "ನಾಳೆಯಿಂದ ಒಂದು ವಾರ ನಾನು ಪಕ್ಕದಲ್ಲಿ ಕೂತು ಬರ್ತೀನಿ. ವಾಪಸ್ ಬಸ್ಸಲ್ಲಿ ಬಂದ್ಬಿಡ್ತೀನಿ. ಆ ಥೆರಪಿಸ್ಟಿಗೂ ಕಾಲ್ ಮಾಡು" ಅಂದ. ಕೆಲಸ ಬಿಡು ಅನ್ನುವ ಮಾತು ಬರುತ್ತದೇನೋ ಅಂತ ನಾನು ಕಾಯುತ್ತಲೇ ಇದ್ದೆ. ಅವನು ಬಿಸ್ಕತ್ತು ಇದೆಯಾ ಅಂತ ಕೇಳಿದ.

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತ್ತು. ಅಮ್ಮ ಸೆರಗಲ್ಲಿ ಕೈ ಒರೆಸುತ್ತಾ ಬಾಗಿಲಿಗೆ ಬಂದು, "ಪದ್ದು ನಂಬರ್ ಇದೆಯೇನೇ ನಿನ್ನ ಫೋನಲ್ಲಿ?" ಅಂತ ಕೇಳಿದಳು.

ತುಮಕೂರಿನಲ್ಲಿ ಆಗ ಬೆಳಗಾಗಿತ್ತು. ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟೆ. ಅಮ್ಮನ ದನಿ ಕೇಳಿದ ಕೂಡಲೇ ಚಿಕ್ಕಮ್ಮ, "ಯಾರು ಹೋದ್ರು?" ಅಂದಳು. ಗುಮಾನಿ ನಮ್ಮ ವಂಶದ್ದೇ, ನನ್ನೊಬ್ಬಳದಲ್ಲ.

"ಯಾರೂ ಹೋಗಿಲ್ಲ. ನಿನ್ನ ಮದುವೆ ದಿನ ನಾನು ಎದ್ದುಹೋದೆನಲ್ಲ, ಅದು ಹೇಳೋಣ ಅಂತ." ಅಮ್ಮ ನಿಂತುಕೊಂಡೇ ಮಾತಾಡಿದಳು. ಎದೆ ಹೊಡೆದುಕೊಂಡದ್ದು, ಕೈ ಜುಂ ಅಂದದ್ದು, ಆಚೆ ಬೀದಿಯಲ್ಲಿ ನಿಂತ ಮೇಲೆ ಉಸಿರು ಬಂದದ್ದು. ನಾನು ಕುರ್ಚಿ ಎಳೆದುಕೊಟ್ಟರೂ ಕೂರಲಿಲ್ಲ.

ಲೈನ್ ಹೋಯಿತೇನೋ ಅಂತ ನಾನು ಫೋನನ್ನು ಬಗ್ಗಿ ನೋಡಿದೆ.

"ಬಾಗಿಲ ಪಕ್ಕದಲ್ಲೇ ಎಲೆ ಹಾಕಿಸ್ತಿದ್ದೆನಲ್ಲೇ ಅಕ್ಕ" ಅಂದಳು ಚಿಕ್ಕಮ್ಮ. "ಒಂದು ಮಾತು ಹೇಳಿದ್ರೆ."

ಅಮ್ಮ ಈಗ ಕೂತಳು. ಕಣ್ಣೊರೆಸಿಕೊಂಡು, "ಹೋಳಿಗೆ ಚೆನ್ನಾಗಿತ್ತೇನೇ ಅವತ್ತು?" ಅಂತ ಕೇಳಿದಳು.

"ಏನೂ ಚೆನ್ನಾಗಿರಲಿಲ್ಲ ಬಿಡು. ಬೇಳೆಯೇ ಬೆಂದಿರಲಿಲ್ಲ" ಅಂದಳು ಚಿಕ್ಕಮ್ಮ, ಮೂಗೇರಿಸಿಕೊಳ್ಳುತ್ತಾ. "ನೀನೇನೂ ಕಳ್ಕೊಳ್ಲಿಲ್ಲ."